ಎಡಗಡೆಯ ಕುರ್ಚಿ

“ಹಾಡು ಹಾಳಾಗಿದೆ ಮೇಡಂ,” ಎಂದ ರಿಪೇರಿಯಣ್ಣ.

ಕಿಟಕಿಯ ಬಳಿ ನಿಂತಿದ್ದ ಇನ್ಸ್‌ಪೆಕ್ಟರ್ ಕೈಗಡಿಯಾರ ನೋಡಿಕೊಂಡರು. ಸತ್ತವನ ಕುರ್ಚಿಯಲ್ಲಿ ಕೂತು, ಸತ್ತವನ ರೆಕಾರ್ಡನ್ನೇ ಹಾಕಿಕೊಂಡು, ಹತ್ತು ನಿಮಿಷ ಕಣ್ಣು ಮುಚ್ಚಿದ್ದ ಈ ಮನುಷ್ಯನ ಬಾಯಿಂದ ಕೊನೆಗೂ ಉದುರಿದ ಮುತ್ತು ಇದು.

“ಮನುಷ್ಯನೇ ಹೋಗಿದ್ದಾನೆ. ಹಾಡು ಹಾಳಾದರೆ ಏನಂತೆ?”

“ಈ ಮನುಷ್ಯನ ಮನೇಲಿ ಹಾಡು ಹಾಳಾಗೋಕೆ ಸಾಧ್ಯ ಇಲ್ಲ. ಅದಕ್ಕೇ ಹೇಳಿದ್ದು.”

ನಲವತ್ತು ವರ್ಷ ಲಿಫ್ಟುಗಳನ್ನು ರಿಪೇರಿ ಮಾಡಿ ನಿವೃತ್ತನಾಗಿದ್ದ ಲಿಫ್ಟ್ ಮೇಸ್ತ್ರಿ ಸೋಮವಾರ ಸಂಜೆ ಇದೇ ಕುರ್ಚಿಯಲ್ಲಿ ಸತ್ತಿದ್ದ. ಹೊಟ್ಟೆಯಲ್ಲಿ ಹಿಡಿ ನಿದ್ದೆಮಾತ್ರೆ ಸಿಕ್ಕಿತ್ತು.

“ಇವತ್ತು ಶುಕ್ರವಾರ,” ಎಂದರು ಇನ್ಸ್‌ಪೆಕ್ಟರ್. “ಐದು ಗಂಟೆಗೆ ಫೈಲು ಮುಚ್ಚಬೇಕು. ಒಂಟಿ ಮನುಷ್ಯ, ಬೇಜಾರಾಗಿ ಮಾತ್ರೆ ನುಂಗಿದ ಅಂತ ಬರೆದಾಗಿದೆ. ನನ್ನ ಸಹಿ ಒಂದು ಬಾಕಿ. ನೀವು ಅವರ ಹಳೇ ಸ್ನೇಹಿತರು, ಒಂದು ಸಲ ಮನೆ ನೋಡ್ತೀನಿ ಅಂದ್ರಿ, ಸೀಲು ತೆಗೆಸಿದೆ. ಅಷ್ಟೇ.”

ಒಂಟಿ ಮನುಷ್ಯ, ಬೇಜಾರಾಗಿ. ಆ ಮಾತು ರಿಪೇರಿಯಣ್ಣನಿಗೆ ಬೆಳಿಗ್ಗೆಯಿಂದ ಗಂಟಲಲ್ಲಿ ಮುಳ್ಳಿನಂತೆ ಸಿಕ್ಕಿಕೊಂಡಿತ್ತು. ಅವನೂ ಆರು ವರ್ಷದಿಂದ ಒಂಟಿ. ಕೆಳಗೆ ರೇಡಿಯೊ, ಸ್ಪೀಕರು ರಿಪೇರಿಯ ಅಂಗಡಿ, ಮೇಲೆ ಮನೆ. ಒಂದು ತಟ್ಟೆ, ಒಂದು ಲೋಟ, ಎರಡನ್ನೂ ತೊಳೆದು ಬೋರಲು ಹಾಕಿದರೆ ದಿನ ಮುಗಿಯಿತು. ಒಂಟಿಯಾಗಿರುವುದೇ ಸಾಯಲು ಸಾಕಾದ ಕಾರಣವೆಂದು ಸರಕಾರದ ಕಾಗದವೇ ಹೇಳಿಬಿಟ್ಟರೆ, ನಾಳೆ ತನ್ನ ಗತಿ ಏನು? ಮೇಸ್ತ್ರಿಯ ಸಾವಿಗೆ ಬೇರೆ ಏನಾದರೂ ಕಾರಣ ಸಿಗಲಿ ಎಂದು ಅವನು ಒಳಗೊಳಗೇ ಬೇಡಿಕೊಳ್ಳುತ್ತಿದ್ದ. ಸ್ನೇಹಕ್ಕಾಗಿ ಅರ್ಧ, ತನ್ನ ಹೆದರಿಕೆಗಾಗಿ ಅರ್ಧ.

ಸ್ನೇಹ ಎಂದರೂ ಅದು ಎರಡು ವರ್ಷದಿಂದ ಹಳಸಿದ ಸ್ನೇಹ. ಜಗಳ ಯಾವುದಕ್ಕೆ ಎಂದು ಕೇಳಿದರೆ ನೀವು ನಗುತ್ತೀರಿ. ಆಂಪ್ಲಿಫೈಯರ್ ಪಕ್ಕದಲ್ಲಿ ಕೂತಿದೆಯಲ್ಲ, ಆ ಕಪ್ಪು ಪೆಟ್ಟಿಗೆಗೆ.

ಅದು ಪ್ರೊಸೆಸರ್. ಬಂದ ಸ್ವರವನ್ನೆಲ್ಲ ಅಂಕಿಗಳಾಗಿ ಪುಡಿ ಮಾಡಿ, ತನ್ನ ಲೆಕ್ಕದಂತೆ ತಿದ್ದಿ, ಮತ್ತೆ ಸ್ವರ ಮಾಡಿ ಸ್ಪೀಕರಿಗೆ ಕಳಿಸುವ ಯಂತ್ರ. ಹಣ್ಣು ಒಣಗಿಸಿ ಪುಡಿ ಮಾಡಿ, ಆ ಪುಡಿಗೆ ನೀರು ಬೆರೆಸಿ ಹಣ್ಣಿನ ರಸ ಅನ್ನುತ್ತಾರಲ್ಲ, ಹಾಗೆ ಎಂಬುದು ರಿಪೇರಿಯಣ್ಣನ ವಾದ. ಮೇಸ್ತ್ರಿಯ ಕೋಣೆಯ ಮೂಲೆಯಲ್ಲಿ ದಪ್ಪ ಸ್ವರಗಳು ಗುಂಯ್ಗುಟ್ಟುತ್ತಿದ್ದವು. ಅದನ್ನು ತಿದ್ದಲು ಮೇಸ್ತ್ರಿಯ ಸೋದರಳಿಯ ಈ ಪೆಟ್ಟಿಗೆ ತಂದು ಕೂರಿಸಿದ. “ಇದು ಇರೋ ಮನೆಗೆ ನಾನು ಬರಲ್ಲ,” ಎಂದು ಹೇಳಿ ಮೆಟ್ಟಿಲಿಳಿದ ರಿಪೇರಿಯಣ್ಣ ಮತ್ತೆ ಹತ್ತಿದ್ದು ಇವತ್ತೇ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಜಾತಿಯವನು ಅವನು. ಆ ಮೂರು ಕಾಲಿನ ಮೊಲವನ್ನು ಎದೆಗವಚಿಕೊಂಡು ಎರಡು ವರ್ಷ ಒಬ್ಬನೇ ಕೂತಿದ್ದ. ಇತ್ತ ಸ್ನೇಹಿತ ಸತ್ತೇಹೋದ.

“ಏನು ಹಾಳಾಗಿದೆ? ನನಗೆ ಚೆನ್ನಾಗೇ ಕೇಳಿಸ್ತಿದೆ,” ಎಂದರು ಇನ್ಸ್‌ಪೆಕ್ಟರ್.

“ಇಲ್ಲಿ ಬಂದು ಕೂತ್ಕೊಳ್ಳಿ.”

ಸತ್ತವನ ಕುರ್ಚಿಯಲ್ಲಿ ಕೂರಲು ಅವರಿಗೆ ಮನಸ್ಸಿರಲಿಲ್ಲ, ಆದರೂ ಕೂತರು. ರೆಕಾರ್ಡಿನಲ್ಲಿ ಒಬ್ಬಳು ಹಾಡುತ್ತಿದ್ದಳು. ಅವಳ ಜತೆ ಒಂದು ಪಿಟೀಲು, ಒಂದು ಡೋಲು.

“ಹಾಡೋಳು ಎದುರಿಗೆ ನಡುಮಧ್ಯ ನಿಂತಿರಬೇಕು. ಎಡಕ್ಕೆ ಪಿಟೀಲು, ಬಲಕ್ಕೆ ಡೋಲು. ಈಗ ಎಲ್ಲಿದ್ದಾರೆ?”

ಇನ್ಸ್‌ಪೆಕ್ಟರ್ ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿಗೆ ಬಲಗೈ ಎತ್ತಿ ಬಲಗಡೆಯ ಸ್ಪೀಕರ್ ತೋರಿಸಿದರು. “ಮೂರೂ ಜನ ಅಲ್ಲಿ ಒತ್ತಿಕೊಂಡು ನಿಂತ ಹಾಗಿದೆ.”

“ಹಾಂ. ಎಡಗಡೆ ಖಾಲಿ. ಪಿಟೀಲಿನ ಕಮಾನು ತಂತಿಗೆ ತಾಗೋ ಕರಕರ ಸದ್ದು ಇಲ್ಲ. ಹಾಡೋಳು ಉಸಿರು ತಗೊಳ್ಳೋದೂ ಇಲ್ಲ. ಎಲ್ಲ ಇಸ್ತ್ರಿ ಮಾಡಿಟ್ಟಿದೆ.”

“ವೈರು ಕಿತ್ತಿರಬಹುದು.”

ರಿಪೇರಿಯಣ್ಣ ಅದನ್ನು ಆಗಲೇ ನೋಡಿದ್ದ. ವೈರು ಸರಿಯಾಗಿತ್ತು, ಎಡಗಡೆಯ ಸ್ಪೀಕರೂ ಚೆನ್ನಾಗಿತ್ತು. ಯಾರೋ ಬೇಕೆಂತಲೇ ಅದರ ಬಾಯಿ ಕಟ್ಟಿದ್ದರು. ಅವನು ಮೊಣಕಾಲೂರಿ ಪ್ರೊಸೆಸರಿನ ಪುಟ್ಟ ಪರದೆಯನ್ನು ಬೆಳಗಿಸಿದ. ಮುಟ್ಟುವುದಿಲ್ಲ ಎಂದು ಶಪಥ ಮಾಡಿದ್ದ ಪೆಟ್ಟಿಗೆಯ ಗುಂಡಿ ಒತ್ತುವಾಗ ಅವನಿಗೆ ನಾಚಿಕೆಯೂ ಆಯಿತು.

ಪರದೆಯ ಮೇಲೆ ಎರಡು ಸಾಲು ಮೂಡಿದವು. ಮೊದಲ ನೆನಪು: ಎರಡು ವರ್ಷದ ಹಿಂದಿನದು. ಎರಡನೇ ನೆನಪು: ಐದು ತಿಂಗಳ ಹಿಂದೆ ಮಾಡಿದ್ದು, ಹನ್ನೊಂದು ಸಲ ತಿದ್ದಿದ್ದು. ಕೊನೆಯ ತಿದ್ದುಪಡಿ ಸೋಮವಾರ, ಮಧ್ಯಾಹ್ನ ನಾಲ್ಕು ಹತ್ತು. ಈಗ ಓಡುತ್ತಿರುವುದು ಎರಡನೆಯದು.

“ನೆನಪು ಅಂದ್ರೇನು?” ಎಂದು ಇನ್ಸ್‌ಪೆಕ್ಟರ್ ಬಗ್ಗಿದರು.

“ಕೂರೋರ ಕಿವಿ ಎಲ್ಲಿರುತ್ತೋ ಅಲ್ಲಿ ಒಂದು ಮೈಕು ಇಡಬೇಕು. ಈ ಪೆಟ್ಟಿಗೆ ಊಂ ಅಂತ ಕೂಗುತ್ತೆ. ಒಂದೊಂದು ಸ್ಪೀಕರಿಂದಲೂ ಮೈಕಿಗೆ ಎಷ್ಟು ದೂರ ಅಂತ ಅಳೆದು ಬರ್ಕೊಳ್ಳುತ್ತೆ. ಆಮೇಲೆ ಆ ಕಿವಿಗೆ ಹೊಂದೋ ಹಾಗೆ ಹಾಡನ್ನ ತಿದ್ದುತ್ತೆ. ಆ ಒಂದು ಜಾಗಕ್ಕೆ ಮಾತ್ರ. ಪಕ್ಕದಲ್ಲಿ ಕೂತೋನಿಗೆ ಹಾಳು. ಎಲ್ಲರಿಗೂ ಒಟ್ಟಿಗೆ ಚೆನ್ನಾಗಿ ಮಾಡೋಕೆ ಇದರ ಅಪ್ಪನಿಗೂ ಆಗಲ್ಲ.”

“ಹಾಗಾದ್ರೆ ಎರಡನೇ ನೆನಪು…”

“ಇನ್ನೊಂದು ಜಾಗದ್ದು.”

ಇನ್ಸ್‌ಪೆಕ್ಟರ್ ಕೋಣೆಯನ್ನು ಸುತ್ತ ನೋಡಿದರು. ಅಲ್ಲಿದ್ದದ್ದು ಒಂದೇ ಕುರ್ಚಿ.

ರಿಪೇರಿಯಣ್ಣ ತನ್ನ ಚೀಲದಿಂದ ಎರಡು ಅಳತೆ ಟೇಪು ತೆಗೆದ. ಪೆಟ್ಟಿಗೆ ಬರೆದಿಟ್ಟುಕೊಂಡ ಲೆಕ್ಕದಲ್ಲಿ ಎಡ ಸ್ಪೀಕರಿಂದ ಏಳೂಕಾಲು ಅಡಿ, ಬಲ ಸ್ಪೀಕರಿಂದ ಒಂಬತ್ತು ಅಡಿ. ಒಂದು ಟೇಪನ್ನು ಅವನು ಎಳೆದ, ಇನ್ನೊಂದನ್ನು ಇನ್ಸ್‌ಪೆಕ್ಟರ್ ಎಳೆದರು. ಎರಡರ ತುದಿಗಳೂ ಮೇಸ್ತ್ರಿಯ ಕುರ್ಚಿಯ ಎಡಕ್ಕೆ, ತೋಳಿಗೆ ತೋಳು ತಾಗುವಷ್ಟು ಹತ್ತಿರದಲ್ಲಿ ಕೂಡಿದವು.

ಇನ್ಸ್‌ಪೆಕ್ಟರ್ ಕೂತು ಜಮಖಾನೆಯ ಮೇಲೆ ಅಂಗೈ ಆಡಿಸಿದರು. ಅಲ್ಲಿ ನಾಲ್ಕು ಕುಳಿಗಳಿದ್ದವು. ತಿಂಗಳುಗಟ್ಟಲೆ ಒಂದು ಕುರ್ಚಿ ಅಲ್ಲಿ ಕಾಲೂರಿತ್ತು.

ಅವರು ಎದ್ದು ನಿಂತಾಗ ಮುಖದಲ್ಲಿ ಐದು ಗಂಟೆಯ ಅವಸರ ಇರಲಿಲ್ಲ. “ಸೋಮವಾರ ನಾಲ್ಕು ಹತ್ತಕ್ಕೆ ಇಲ್ಲೊಬ್ಬರು ಕೂತಿದ್ರು. ಐದರಿಂದ ಏಳರ ನಡುವೆ ಮೇಸ್ತ್ರಿ ಸತ್ತ. ಆ ಮಾತ್ರೆ ಯಾವ ಡಾಕ್ಟರೂ ಅವನಿಗೆ ಬರೆದುಕೊಟ್ಟದ್ದಲ್ಲ. ಒಬ್ಬನೇ ಇದ್ದ ಅಂದ್ರೆ ಆತ್ಮಹತ್ಯೆ. ಇನ್ನೊಬ್ಬರಿದ್ರು ಅಂದ್ರೆ ಬೇರೆ ಕಥೆ.”

ರಿಪೇರಿಯಣ್ಣನಿಗೆ ಹಗುರವಾಯಿತು. ಮೇಸ್ತ್ರಿ ಒಂಟಿಯಾಗಿ ಸಾಯಲಿಲ್ಲ. ಬೆನ್ನಿಗೇ ಒಂದಿಷ್ಟು ಹೊಟ್ಟೆಕಿಚ್ಚೂ ಆಯಿತು ಎಂದು ಹೇಳದಿದ್ದರೆ ಸುಳ್ಳಾಗುತ್ತದೆ. ವೈರು ಒಂದು ಅಂಗುಲ ಉದ್ದವಾದರೂ ಸ್ವರ ಕೆಡುತ್ತದೆ ಎಂದು ಜಗಳ ಕಾಯುತ್ತಿದ್ದ ಮುದುಕ, ಪಕ್ಕದ ಕುರ್ಚಿಯವರು ಚೆನ್ನಾಗಿ ಕೇಳಲಿ ಎಂದು ತನ್ನ ಕುರ್ಚಿಯ ಹಾಡನ್ನೇ ಹಾಳು ಮಾಡಿಕೊಂಡಿದ್ದಾನೆ. ಒಂದು ಸಲವಲ್ಲ, ಹನ್ನೊಂದು ಸಲ ಮೈಕು ಇಟ್ಟು, ಸರಿಯಾಯಿತಾ ಎಂದು ಕೇಳಿ, ಮತ್ತೆ ತಿದ್ದಿದ್ದಾನೆ. ಯಾರಿಗಾಗಿ?

ಅವನು ಎರಡನೇ ನೆನಪಿನ ಒಳಗೆ ಹೋಗಿ ನೋಡಿದ. ಎಡ ಸ್ಪೀಕರ್ ಬಂದ್. ಎಡಗಡೆಯದನ್ನೂ ಬಲಗಡೆಯದನ್ನೂ ಒಟ್ಟು ಸೇರಿಸಿ ಎಲ್ಲವನ್ನೂ ಬಲಗಡೆಯಿಂದಲೇ ಕಳಿಸಿದೆ.

ಗುಂಡಿಯ ಮೇಲಿದ್ದ ಬೆರಳು ಅಲ್ಲೇ ನಿಂತಿತು.

“ಯಾಕೆ ಹೀಗೆ ಮಾಡಿದ್ದಾನೆ?” ಎಂದರು ಇನ್ಸ್‌ಪೆಕ್ಟರ್.

ಅವರು ಯೋಚಿಸುತ್ತ ತಮ್ಮ ಎಡಗಿವಿಗೆ ಅಂಗೈ ಮುಚ್ಚಿ, ಆ ನಾಲ್ಕು ಕುಳಿಗಳ ನಡುವೆ ಕುಕ್ಕರುಗಾಲಲ್ಲಿ ಕೂತಿದ್ದರು. “ಆಹಾ. ಎಡಗಿವಿ ಕೇಳಿಸದೋರು. ಇಲ್ಲಿ ಕೂತರೆ ಒಳ್ಳೇ ಕಿವಿ ಮೇಸ್ತ್ರಿ ಕಡೆಗೇ ಇರುತ್ತೆ. ಹಾಡೂ ಕೇಳಿಸುತ್ತೆ, ಅವನ ಮಾತೂ ಕೇಳಿಸುತ್ತೆ.” ಅವರು ತಲೆ ಎತ್ತಿದರು. “ಯಾಕ್ರೀ ಬೆವರ್ತಿದ್ದೀರಿ?”

“ಸೆಕೆ ಮೇಡಂ.”

ಸೆಕೆ ಇರಲಿಲ್ಲ. ರಿಪೇರಿಯಣ್ಣನ ಹೆಂಡತಿಗೆ ಎಡಗಿವಿ ಕೇಳಿಸುತ್ತಿರಲಿಲ್ಲ.

ಮದುವೆಯಾಗಿ ಹನ್ನೆರಡನೇ ವರ್ಷ ಒಂದು ಜ್ವರ ಬಂದು ಆ ಕಿವಿ ಹೋಯಿತು. ಕೇಳದ ಕಿವಿಯಲ್ಲೇ ಹಗಲೂ ರಾತ್ರಿ ಗುಂಯ್ ಎಂಬ ಸದ್ದು. ಮಾತ್ರೆ ನುಂಗದೆ ಅವಳಿಗೆ ನಿದ್ದೆ ಬರುತ್ತಿರಲಿಲ್ಲ. ಆ ದಿನಗಳಲ್ಲಿ ಅವಳು ಒಮ್ಮೆ ಕೇಳಿದ್ದಳು. “ರೀ, ಎಡಗಡೆ ಬರೋದೆಲ್ಲ ನನಗೆ ತಪ್ಪಿಹೋಗ್ತಿದೆ. ಎರಡನ್ನೂ ಒಂದೇ ಕಡೆ ಸೇರಿಸಿಕೊಡಿ. ನಿಮ್ಮ ಜತೆ ಕೂತು ಕೇಳ್ತೀನಿ.”

ಒಂದು ಸಣ್ಣ ಸ್ವಿಚ್ಚು. ಅವನ ಕೈಗೆ ಐದು ನಿಮಿಷದ ಕೆಲಸ. “ಹಾಗೆ ಬೆರೆಸಿದರೆ ಹಾಡಿದೋರಿಗೆ ಅವಮಾನ,” ಎಂದಿದ್ದ ಈ ಮಹಾರಾಯ. ಆಮೇಲೆ ಅವಳು ಹಾಡಿನ ನಡುವೆ ಏನಾದರೂ ಕೇಳಿದರೆ ಬಾಯಿಗೆ ಬೆರಳಿಟ್ಟು ಉಶ್ ಅನ್ನುತ್ತಿದ್ದ. ಅದಕ್ಕೇ ಅವಳು ಅವನಿಗೆ ‘ಉಶ್ಶಪ್ಪ’ ಎಂದು ಹೆಸರಿಟ್ಟಿದ್ದಳು. ಮೊದಮೊದಲು ನಗುತ್ತ ಕರೆಯುತ್ತಿದ್ದಳು, ಆಮೇಲೆ ನಗದೆ. ಮನೆಯ ಹೊಸ್ತಿಲು ದಾಟಿ ಹೊರಗೆ ಹೋಗದ ಹೆಸರು ಅದು. ಆರು ವರ್ಷದ ಹಿಂದೆ ಅವಳು ತಾನು ಕೂರುತ್ತಿದ್ದ ಗಿಡ್ಡ ಬೆತ್ತದ ಕುರ್ಚಿಯೊಂದನ್ನು ಮಾತ್ರ ಆಟೋದಲ್ಲಿ ಹಾಕಿಸಿಕೊಂಡು ಹೊರಟುಹೋದಳು. ಅವನು ಆಗ ಮೇಲೆ ಹಾಡು ಕೇಳುತ್ತಿದ್ದ. ಆಟೋ ಹೋದ ಸದ್ದೂ ಅವನಿಗೆ ಕೇಳಿಸಲಿಲ್ಲ.

ಇನ್ಸ್‌ಪೆಕ್ಟರ್ ಬಾಗಿಲು ತೆರೆದು ಸೋದರಳಿಯನನ್ನು ಒಳಗೆ ಕರೆದರು. ಮೂವತ್ತರ ಆಸುಪಾಸಿನ ಆಳು. ಟೀವಿ, ಸ್ಪೀಕರು ಕೂರಿಸುವ ಕಸುಬಿನವನು. ಮೆಟ್ಟಿಲ ಮೇಲೆ ಕಾದು ಕಾದು ಅವನ ಪ್ಯಾಂಟಿನ ಹಿಂಬದಿ ಬೆಳ್ಳಗಾಗಿತ್ತು.

“ನಿಮ್ಮ ಮಾಮನ ಮನೆಗೆ ಯಾರು ಬರ್ತಿದ್ರು?”

“ಯಾರೂ ಇಲ್ಲ ಮೇಡಂ. ಮಾಮ ಒಬ್ಬರೇ. ಅವತ್ತೂ ಹೇಳಿದೆನಲ್ಲ.”

“ಇಲ್ಲಿ ಎಷ್ಟು ಕುರ್ಚಿ ಇದ್ವು?”

“ನಾನು ಯಾವ ಕುರ್ಚೀನೂ ಎತ್ತಿಕೊಂಡು ಹೋಗಿಲ್ಲ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಇನ್ಸ್‌ಪೆಕ್ಟರ್ ನಗಲಿಲ್ಲ.

“ಎತ್ತಿಕೊಂಡು ಹೋದೆ ಅಂತ ನಾನು ಹೇಳಿದೆನಾ? ಎಷ್ಟಿದ್ವು ಅಂದೆ.”

ಸೋದರಳಿಯ ರಿಪೇರಿಯಣ್ಣನ ಕಡೆ ನೋಡಿದ. ರಿಪೇರಿಯಣ್ಣ ನೆಲ ನೋಡುತ್ತಿದ್ದ.

“ಸೋಮವಾರದ ನೆನಪು ಈ ಪೆಟ್ಟಿಗೇಲಿದೆ. ಅದನ್ನ ತಂದುಕೊಟ್ಟೋನು ನೀನೇ. ಅದು ಸುಳ್ಳು ಹೇಳಲ್ಲ ಅಂತ ನಿನಗೂ ಗೊತ್ತು.”

“ಎರಡು,” ಎಂದ ಅವನು ಕೊನೆಗೆ. “ಮಂಗಳವಾರ ಬೆಳಿಗ್ಗೆ ಬಂದು ನೋಡಿದೆ. ಮಾಮ ಹೋಗಿಬಿಟ್ಟಿದ್ರು. ನಿಮಗೆ ಫೋನ್ ಮಾಡೋ ಮುಂಚೆ ಆ ಕುರ್ಚೀನ ಕೆಳಗೆ ಲಿಫ್ಟಿನ ಮೋಟರ್ ಕೋಣೆಗೆ ಸಾಗಿಸಿದೆ.”

“ಯಾಕೆ?”

“ಅರವತ್ತೆಂಟು ವರ್ಷದ ಮಾಮನಿಗೆ ಒಬ್ಬಳು ಹೆಂಗಸು ಅಂತ ಜನ ಆಡಿಕೊಳ್ಳಬಾರದು ಅಂತ. ನಮ್ಮಮ್ಮನ ಒಬ್ಬನೇ ತಮ್ಮ ಅವರು.” ಅವನು ಮಾಮನ ಕುರ್ಚಿಯ ಕಡೆ ನೋಡಿದ. “ಆಕೆ ಬರೋಕೆ ಶುರು ಮಾಡಿದ ಮೇಲೆ ಮಾಮ ಗಡ್ಡ ಬೋಳಿಸಿಕೊಳ್ತಿದ್ರು. ನಾನು ವಾರಕ್ಕೊಮ್ಮೆ ಬರ್ತಿದ್ದೆ ಅಷ್ಟೇ, ಅದೂ ಹತ್ತು ನಿಮಿಷ. ಅವರಿಗೆ ಯಾರಾದ್ರೂ ಬೇಕಾಗಿತ್ತು ಮೇಡಂ. ಅದು ನನಗೆ ಆಗ ಹೊಳೀಲಿಲ್ಲ.”

“ಆಕೆ ಯಾರು?”

“ಹೆಸರು ಗೊತ್ತಿಲ್ಲ. ಒಂದೇ ಸಲ ನೋಡಿದ್ದು, ಹಿಂದಿನ ಕಬ್ಬಿಣದ ಮೆಟ್ಟಿಲ ಹತ್ತಿರ. ಐವತ್ತರ ಮೇಲಿರಬೇಕು. ನಮಸ್ಕಾರ ಅಂದೆ, ಕೇಳಿಸಲಿಲ್ಲ. ಜೋರಾಗಿ ಅಂದಾಗ ಮುಖಾನ ಹೀಗೆ ಎಡಕ್ಕೆ ತಿರುಗಿಸಿ, ಬಲಗಿವಿ ಕೊಟ್ಟು ನಿಂತ್ಕೊಂಡ್ರು.”

ಅವನು ತಿರುಗಿಸಿ ತೋರಿಸಿದ. ರಿಪೇರಿಯಣ್ಣ ನೋಡಲಾರದೆ ನೋಡಿದ. ಊಟದ ಮೇಜಿನ ಆಚೆ ಬದಿಯಲ್ಲಿ ವರ್ಷಗಟ್ಟಲೆ ನೋಡಿದ್ದ ತಿರುವು ಅದು. ತನ್ನ ಮಾತು ಕೇಳಲಿಕ್ಕೆಂದು ಒಂದು ಮುಖ ದಿನಕ್ಕೆ ಹತ್ತು ಸಲ ಹಾಗೆ ತಿರುಗುತ್ತಿದ್ದಾಗ ಅವನು ಆಡಿದ ಮಾತು ಎಷ್ಟು?

“ಕುರ್ಚಿ ಹೇಗಿದೆ?” ಎಂದು ಅವನೇ ಕೇಳಿದ. ದನಿ ಅವನಿಗೇ ಪರಕೀಯವಾಗಿತ್ತು.

“ಬೆತ್ತದ್ದು ಅಣ್ಣಾ. ಗಿಡ್ಡ. ಒಂದು ಕೈಗೆ ತಾಮ್ರದ ತಂತಿ ಸುತ್ತಿ ರಿಪೇರಿ ಮಾಡಿದ್ದಾರೆ.”

ಸುತ್ತಿದ್ದು ಅವನೇ. ಸ್ಪೀಕರಿನ ಸುರುಳಿಗೆ ತಂದ ತಂತಿಯಲ್ಲಿ ಉಳಿದದ್ದು.

“ಹಿಂಬಾಗಿಲ ಬೀಗದಕೈ ಎಲ್ಲಿ?” ಎಂದರು ಇನ್ಸ್‌ಪೆಕ್ಟರ್. “ಸೀಲು ಮುಂಬಾಗಿಲಿಗೆ ಮಾತ್ರ ಹಾಕಿದ್ದೀವಿ.”

“ಅದು ಮೊಳೇಲಿ ಇರ್ತಿತ್ತು. ಮಂಗಳವಾರವೇ ಇರಲಿಲ್ಲ. ಆಕೆ ಹತ್ರ ಇರಬೇಕು.”

ಇನ್ಸ್‌ಪೆಕ್ಟರ್ ಅವನನ್ನು ಕುರ್ಚಿ ತರಲು ಅಟ್ಟಿದರು. ಆಮೇಲೆ ರಿಪೇರಿಯಣ್ಣನತ್ತ ತಿರುಗಿದರು. “ನೀವು ಮೇಸ್ತ್ರಿಯ ಹಳೇ ಸ್ನೇಹಿತರು. ನಿಮ್ಮಿಬ್ಬರ ಬಳಗದಲ್ಲಿ ಎಡಗಿವಿ ಕೇಳದ ಹೆಂಗಸು ಯಾರಾದ್ರೂ ಇದ್ದಾರಾ?”

ನಿಜ ಹೇಳಿದರೆ ಇವತ್ತು ಸಂಜೆಯೇ ಅವಳ ಮನೆ ಬಾಗಿಲಿಗೆ ಪೊಲೀಸರು. ಮಾತ್ರೆಯಂತೂ ಅವಳ ಕೈಚೀಲದಲ್ಲಿ ಇದ್ದೇ ಇರುತ್ತದೆ. ಹೇಳದಿದ್ದರೆ ಮೇಸ್ತ್ರಿ ಹೇಗೆ ಸತ್ತ ಎಂಬುದು ಯಾರಿಗೂ ತಿಳಿಯುವುದಿಲ್ಲ. ಇಪ್ಪತ್ತು ವರ್ಷ ಜತೆಗಿದ್ದವಳು ಕೊಲೆಗಾತಿಯೇ ಎಂದು ತನ್ನನ್ನು ತಾನೇ ಕೇಳಿಕೊಂಡ. ಅಲ್ಲ ಎಂದು ಗಟ್ಟಿಯಾಗಿ ಹೇಳುವಷ್ಟೂ ತನಗೆ ಅವಳ ಪರಿಚಯವಿಲ್ಲ ಎಂದು ಹೊಳೆದು ಅವನಿಗೆ ಅಳು ಬಂತು.

“ಇಲ್ಲ ಮೇಡಂ. ಹಾಗೆ ಯಾರೂ ಇಲ್ಲ.”

“ಯೋಚನೆ ಮಾಡಿ ಹೇಳಿ.”

“ಮಾಡಿಯೇ ಹೇಳಿದ್ದು.”

ಇನ್ಸ್‌ಪೆಕ್ಟರ್ ಒಂದು ಗಳಿಗೆ ಅವನನ್ನೇ ನೋಡಿದರು. ಫೈಲು ಮುಚ್ಚುವುದಿಲ್ಲ ಎಂದು ಠಾಣೆಗೆ ತಿಳಿಸಲು ಫೋನು ಹಿಡಿದು ಅಡುಗೆಮನೆಯ ಕಡೆಗೆ ಹೋದರು.

ರಿಪೇರಿಯಣ್ಣ ಒಬ್ಬನೇ ಉಳಿದ. ರೆಕಾರ್ಡು ಇನ್ನೂ ತಿರುಗುತ್ತಿತ್ತು. ಅವನು ಮೆಲ್ಲಗೆ ಹೋಗಿ ಆ ನಾಲ್ಕು ಕುಳಿಗಳ ನಡುವೆ ಕಾಲು ಮಡಚಿ ಕೂತ. ತನ್ನ ಎಡಗಿವಿಗೆ ಅಂಗೈ ಒತ್ತಿದ.

ಹಾಡು ಸರಿಯಾಗಿತ್ತು. ಕಮಾನಿನ ಕರಕರ ಇಲ್ಲ, ಹಾಡುವವಳ ಉಸಿರಿಲ್ಲ, ಎಲ್ಲಾ ಇಸ್ತ್ರಿ ಮಾಡಿದಂತೆಯೇ ಇತ್ತು. ಆದರೆ ಪಿಟೀಲು ತಪ್ಪಿಹೋಗಿರಲಿಲ್ಲ, ಡೋಲು ತಪ್ಪಿಹೋಗಿರಲಿಲ್ಲ. ಒಂದೇ ಕಿವಿ ಇದ್ದವರಿಗೆ ಪೂರ್ತಿ ಹಾಡು ಸಿಗುತ್ತಿತ್ತು. ಅವಳು ಕೇಳಿದ್ದು ಇಷ್ಟೇ. ಇದನ್ನು ಕೊಡಲು ಆಗದೆ ಅವನು ಹಾಡಿದವರ ಮಾನ ಕಾಯುತ್ತ ಕೂತಿದ್ದ. ಕಣ್ಣೀರು ಇಳಿದು ಅಂಗೈ ಒದ್ದೆಯಾಯಿತು, ಒರೆಸಿಕೊಳ್ಳಲು ಹೋಗಲಿಲ್ಲ.

ಅಡುಗೆಮನೆಯಲ್ಲಿ ಇನ್ಸ್‌ಪೆಕ್ಟರ್ ಯಾರಿಗೋ ಗದರುವುದು ಕೇಳಿಸುತ್ತಿತ್ತು. ಎರಡನೇ ನೆನಪು ಅಳಿಸಿಬಿಟ್ಟರೆ? ಕುರ್ಚಿ ಬೇಕಾದರೆ ಯಾರದ್ದಾದರೂ ಆಗಿರಬಹುದು. ಕಿವಿಯ ಗುರುತು ಉಳಿದಿರುವುದು ಈ ಪೆಟ್ಟಿಗೆಯಲ್ಲಿ ಮಾತ್ರ, ಮಿಕ್ಕದ್ದು ಬಾಯಿಮಾತು.

ಅವನು ತೆವಳಿ ಹೋಗಿ ಗುಂಡಿ ಒತ್ತಿದ. ‘ಅಳಿಸಲೇ?’ ಎಂದಿತು ಪರದೆ.

ಬೆರಳು ಮುಂದೆ ಹೋಗಲಿಲ್ಲ. ಹನ್ನೊಂದು ಸಲ ಮೈಕು ಇಟ್ಟ ಮೇಸ್ತ್ರಿಯ ಕೈ ನೆನಪಾಯಿತು. ಇಡೀ ಮನೆಯಲ್ಲಿ ಆ ಇಬ್ಬರೂ ಒಟ್ಟಿಗೆ ಇದ್ದದ್ದಕ್ಕೆ ಉಳಿದ ಗುರುತು ಇದೊಂದೇ. ಅವನು ಬೇಡ ಎಂಬ ಗುಂಡಿ ಒತ್ತಿದ. ಅವಸರಕ್ಕೆ ಅದು ಎರಡು ಸಲ ಒತ್ತಿಹೋಯಿತು. ಪಟ್ಟಿ ಒಂದು ಸಾಲು ಮೇಲಕ್ಕೆ ಸರಿದು, ಅಷ್ಟು ಹೊತ್ತೂ ಪರದೆಯ ಅಂಚಿನ ಕೆಳಗಿದ್ದ ಇನ್ನೊಂದು ಸಾಲು ಕಾಣಿಸಿತು.

ಮೂರನೇ ನೆನಪು. ಬುಧವಾರ, ಮಧ್ಯಾಹ್ನ ಮೂರು ಗಂಟೆ.

ಸೋಮವಾರ ಮೇಸ್ತ್ರಿ ಸತ್ತಿದ್ದ. ಮಂಗಳವಾರ ಬಾಗಿಲಿಗೆ ಸೀಲು ಬಿದ್ದಿತ್ತು. ಬುಧವಾರ ಈ ಕೋಣೆಯಲ್ಲಿ ಯಾರೋ ಕೂತು ಈ ಪೆಟ್ಟಿಗೆಯನ್ನು ತಿದ್ದಿದ್ದಾರೆ, ತಿದ್ದಿ ಮತ್ತೆ ಎರಡನೆಯದಕ್ಕೇ ತಿರುಗಿಸಿಟ್ಟು ಹೋಗಿದ್ದಾರೆ.

ಅವನು ಮೂರನೆಯದನ್ನು ಆರಿಸಿದ. ಪೆಟ್ಟಿಗೆ ಟಿಕ್ ಎಂದಿತು. ಹಾಡುವವಳು ಬಂದು ನಡುಮಧ್ಯ ನಿಂತಳು. ಎಡಕ್ಕೆ ಪಿಟೀಲು, ಅದರ ಕಮಾನಿನ ಕರಕರ, ಬಲಕ್ಕೆ ಡೋಲು. ಸಾಲಿನ ಮುಂಚೆ ಅವಳು ಉಸಿರು ಎಳೆದುಕೊಂಡದ್ದೂ ಕೇಳಿಸಿತು. ಯಾವ ತಿದ್ದುಪಡಿಯೂ ಇಲ್ಲ. ಎಲ್ಲವನ್ನೂ ಬಂದ್ ಮಾಡಿ, ಸ್ವರ ಬಂದ ಹಾಗೇ ಹೋಗಲಿ ಎಂದು ಬಿಟ್ಟಿದ್ದರು. ಅದು ಅವನ ಹಾಡು. ಅವನೊಬ್ಬ ಇಲ್ಲಿಗೆ ಬಂದೇ ಬರುತ್ತಾನೆ, ಬಂದರೆ ಮೇಸ್ತ್ರಿಯ ಕುರ್ಚಿಯಲ್ಲೇ ಕೂರುತ್ತಾನೆ ಎಂದು ಗೊತ್ತಿದ್ದವರು ಮಾಡಿಟ್ಟದ್ದು.

“ಅಯ್ಯೋ, ಈಗ ಎಷ್ಟು ಚೆನ್ನಾಗಿದೆ,” ಎಂದರು ಬೆನ್ನ ಹಿಂದೆ ಇನ್ಸ್‌ಪೆಕ್ಟರ್. ಅವರು ಬಂದದ್ದು ಅವನಿಗೆ ಕೇಳಿಸಿರಲಿಲ್ಲ.

ಅವನು ಪರದೆಗೆ ಅಂಗೈ ಅಡ್ಡ ಇಟ್ಟ. ಅವರು ಆ ಕೈಯನ್ನು ನಿಧಾನವಾಗಿ ಸರಿಸಿದರು.

“ಮೂರನೇದಕ್ಕೆ ಏನೋ ಹೆಸರು ಬೇರೆ ಕೊಟ್ಟಿದ್ದಾರೆ.” ಕನ್ನಡಕ ಏರಿಸಿಕೊಂಡು, ಒಂದೊಂದೇ ಅಕ್ಷರ ಕೂಡಿಸಿ ಓದಿದರು. “ಉ… ಶ್ಶ… ಪ್ಪ.”

ಹಾಡು ಸಾಗುತ್ತಲೇ ಇತ್ತು.

“ಯಾರ್ರೀ ಇದು, ಉಶ್ಶಪ್ಪ?”